ಬೆನ್ನಟ್ಟುವ ಪ್ರಾಣಿಯೂ ಕೊರಳ ಹಗ್ಗವೂ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲೊಂದು ಕಾಳಿಯೆಂಬ ಬೇಟೆನಾಯಿಯ ಸ್ಮಾರಕವಾಗಿದೆ. ವೀರನಾದ ಮಣಲೆರನು ಒಡೆಯನಿಂದ ಬೇಡಿ ಪಡೆದ ಈ ನಾಯಿಯನ್ನು ಕಾಡುಹಂದಿಯ ಮೇಲೆ ಬಿಡಲು, ಎರಡೂ ಹೋರಾಡಿ ಒಟ್ಟಿಗೆ ಮಡಿದುವೆಂದು ಅಲ್ಲಿಯ ಶಾಸನವು ಹೇಳುತ್ತದೆ. ಅಟ್ಟಿದ ಮೃಗವನ್ನು ಪ್ರಾಣ ಹೋದರೂ ಬಿಡದ ಆ ಸ್ವಭಾವಕ್ಕೆ ಅಂದಿನವರು ಕಲ್ಲು ನಿಲ್ಲಿಸಿದ್ದು ಉಚಿತವೇ. ಆದರೆ ಅದೇ ಸ್ವಭಾವವು ಸಾವಿರ ವರ್ಷಗಳ ತರುವಾಯ, ಬಡಾವಣೆಯ ಬೀದಿಯಲ್ಲಿ ಸೈಕಲ್ಲೇರಿ ಹೊರಟ ಬಾಲಕನನ್ನು ಕಂಡು ಎಚ್ಚೆತ್ತಾಗ, ಅದನ್ನು ಶೌರ್ಯವೆನ್ನುವವರು ಯಾರೂ ಇಲ್ಲ.

ತೋಳದಿಂದ ಬಳುವಳಿಯಾಗಿ ಬಂದ ಬೇಟೆಯ ವರ್ತನೆಯನ್ನು ಪ್ರಾಣಿಶಾಸ್ತ್ರಜ್ಞರು ಒಂದು ಸರಣಿಯಾಗಿ ವಿವರಿಸುವರು: ಕಾಣುವುದು, ದೃಷ್ಟಿ ನೆಡುವುದು, ಹೊಂಚುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು. ಮನುಷ್ಯನು ತಳಿಗಳನ್ನು ಆಯ್ದು ಬೆಳೆಸುವಾಗ ಈ ಸರಣಿಯ ಕೆಲವು ಕೊಂಡಿಗಳನ್ನು ಬಲಗೊಳಿಸಿ ಕೆಲವನ್ನು ಕುಗ್ಗಿಸಿದನು. ಕುರಿಮಂದೆಯನ್ನು ನಡೆಸುವ ಬಾರ್ಡರ್ ಕಾಲಿಯು ದಿಟ್ಟಿಸಿ ಹೊಂಚುತ್ತ ಅಟ್ಟುವುದೇ ಹೊರತು ಸಾಮಾನ್ಯವಾಗಿ ಕೊಲ್ಲಲು ಹೋಗದು. ನಮ್ಮ ಮುಧೋಳದ ನಾಯಿಯಲ್ಲಾದರೋ ಅಟ್ಟುವಿಕೆಯೇ ಜೀವಾಳ. ನೀಳ ಮೂತಿಯ ಇಂತಹ ನಾಯಿಗಳ ಅಕ್ಷಿಪಟಲದಲ್ಲಿ ನರಕೋಶಗಳು ಅಡ್ಡಪಟ್ಟಿಯಾಗಿ ದಟ್ಟೈಸಿರುವುದರಿಂದ ದಿಗಂತದುದ್ದಕ್ಕೂ ಏನು ಚಲಿಸಿದರೂ ಅವುಗಳ ಲಕ್ಷ್ಯಕ್ಕೆ ಬರುತ್ತದೆ. ಪಗ್ಗಿನಂತಹ ಮೋಟುಮೂತಿಯವುಗಳಲ್ಲಿ ಆ ಕೋಶಗಳು ನಡುವೆ ಗುಂಪುಗೂಡಿರುವುದೇ ಹೆಚ್ಚು. ಮುಖ್ಯ ಸಂಗತಿಯೆಂದರೆ, ನಾಯಿಗೆ ಓಟವೇ ಓಟದ ಬಹುಮಾನ. ಒಮ್ಮೆ ಹೊರಟ ಮೇಲೆ ಒಡೆಯನ ಕೂಗಾಗಲಿ ಅವನ ಕೈಯ ಬಿಸ್ಕತ್ತಾಗಲಿ ಅದರೊಡನೆ ಸ್ಪರ್ಧಿಸಲಾರವು. ‘ಏನೂ ಮಾಡಲ್ಲ, ಬನ್ನಿ’ ಎಂದು ದೂರದಿಂದಲೇ ಅಭಯವೀಯುವ ಮಹನೀಯರು ನಾಯಿಯ ನಿನ್ನೆಯವರೆಗಿನ ನಡತೆಗೆ ಸಾಕ್ಷಿಗಳಷ್ಟೆ, ಮುಂದಿನ ಕ್ಷಣಕ್ಕಲ್ಲ.

ಆದುದರಿಂದ ಹಗ್ಗವು ದಂಡನೆಯಲ್ಲ, ನಾಯಿಗೆ ಹುಟ್ಟಿನಿಂದ ಬಾರದ ತಡೆಯನ್ನು ಹೊರಗಿನಿಂದ ಒದಗಿಸುವ ಸಾಧನ. ಆ ತಡೆಯ ಗುಣದೋಷವಾದರೋ ಹಿಡಿದ ಕೈಯನ್ನೇ ಅವಲಂಬಿಸಿದೆ. ಸ್ವತಂತ್ರವಾಗಿ ಎದುರಾದ ಎರಡು ನಾಯಿಗಳು ನೇರವಾಗಿ ಮುಖಕ್ಕೆ ಮುಖ ಕೊಡದೆ ಬಾಗಿದ ದಾರಿಯಲ್ಲಿ ಹತ್ತಿರವಾಗಿ ಪಕ್ಕದಿಂದ ಮೂಸುವುದು ಅವುಗಳ ಶಿಷ್ಟಾಚಾರ. ಬಿಗಿಹಿಡಿದ ಹಗ್ಗವು ಆ ಬಾಗುದಾರಿಯನ್ನು ಮುಚ್ಚಿ, ಮುಂಗಾಲುಗಳನ್ನು ಎತ್ತಿಸಿ, ಎದೆಯನ್ನು ಮುಂದೊಡ್ಡಿಸಿ, ಜಗಳದ ಭಂಗಿಯನ್ನು ತಾನೇ ನಿರ್ಮಿಸುವುದು. ಮನೆಯಲ್ಲಿ ಸಾಧುವಾದ ನಾಯಿಯು ಬೀದಿಯಲ್ಲಿ ಗುರ್ರೆನ್ನಲು ಎಷ್ಟೋ ವೇಳೆ ಇದೂ ಒಂದು ಕಾರಣ. ಆರಡಿಯ ಹಗ್ಗವನ್ನು ಸಡಿಲವಾಗಿ ಹಿಡಿದು, ಎದುರಿನಿಂದ ನಾಯಿ ಬಂದಾಗ ತಾನೇ ಬಳಸಿ ನಡೆಯುವವನು ಜಾಣ. ಇತ್ತೀಚೆಗೆ ಬಳಕೆಗೆ ಬಂದಿರುವ, ದರ್ಜಿಯ ಸುರುಳಿಟೇಪಿನಂತೆ ಪೆಟ್ಟಿಗೆಯೊಳಗೆ ಸ್ಪ್ರಿಂಗಿನ ಬಲದಿಂದ ಸುತ್ತಿಕೊಳ್ಳುವ ಹಗ್ಗದ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಎಳೆದಷ್ಟೂ ಹಗ್ಗ ಉದ್ದವಾಗುವುದೆಂಬ ಪಾಠವನ್ನು ಅದು ಹೆಜ್ಜೆಹೆಜ್ಜೆಗೂ ಕಲಿಸುತ್ತದೆ.

ಕೊರಳೂ ವಿಚಾರಾರ್ಹ. ಪಟ್ಟಿಯು ಕೂರುವೆಡೆಯಲ್ಲಿಯೇ ಶ್ವಾಸನಾಳವೂ ರಕ್ತನಾಳಗಳೂ ಇವೆ. ಕೊರಳಪಟ್ಟಿಯನ್ನು ಜಗ್ಗಿದಾಗ ಕಣ್ಣಿನೊಳಗಿನ ಒತ್ತಡವೇ ಏರುವುದೆಂದೂ, ಎದೆಯನ್ನು ಬಳಸುವ ಪಟ್ಟಿಯಲ್ಲಿ ಹಾಗಾಗದೆಂದೂ ಪರೀಕ್ಷೆಗಳಿಂದ ಕಂಡುಬಂದಿದೆ. ಮುಧೋಳದ ನಾಯಿಯದು ಕಿರಿದಾದ ತಲೆಯಾದುದರಿಂದ ಸಾಧಾರಣ ಪಟ್ಟಿಯು ಹಿಂದಕ್ಕೆ ಜಗ್ಗಿದೊಡನೆ ಕಳಚಿಬೀಳುವ ಸಂಭವವುಂಟು.

ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಆರು ತಿಂಗಳವರೆಗಿನ ಸೆರೆಯನ್ನೋ, 5,000 ರೂಪಾಯಿವರೆಗಿನ ದಂಡವನ್ನೋ, ಎರಡನ್ನೂ ಒಟ್ಟಿಗೋ ವಿಧಿಸುತ್ತದೆ. ಅತ್ತ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ತೀರ ಮೋಟಾದ ಅಥವಾ ಭಾರವಾದ ಸರಪಣಿಯಲ್ಲಿ ಬಹುಹೊತ್ತು ಕಟ್ಟಿಹಾಕುವುದನ್ನೂ, ಸದಾ ಕಟ್ಟಿರುವ ನಾಯಿಗೆ ವ್ಯಾಯಾಮ ಕೊಡಿಸದಿರುವುದನ್ನೂ ಕ್ರೌರ್ಯವೆಂದು ಎಣಿಸಿದೆ. ಹಗಲೆಲ್ಲ ಗೇಟಿನ ಬಳಿ ಬಿಗಿದಿಟ್ಟು ರಾತ್ರಿ ಬೀದಿಗೆ ಬಿಟ್ಟುಬಿಡುವ ನಮ್ಮ ಊರುಗಳ ಹಳೆಯ ರೂಢಿಯು ಎರಡು ಕಾಯಿದೆಗಳನ್ನೂ ಒಂದೇ ದಿನದಲ್ಲಿ ಮುರಿಯಬಲ್ಲದು.