ನಿತ್ಯಜೀವನದಲ್ಲಿ ಕ್ರೈಸ್ತ ಸಾಕ್ಷಿ



ಸಾಕ್ಷಿ ಎಂಬ ಮಾತು ನ್ಯಾಯಸ್ಥಾನಕ್ಕೆ ಸೇರಿದುದು. ತಾನು ಕಂಡುದನ್ನೂ ಕೇಳಿದುದನ್ನೂ ಕೂಡಿಸದೆ, ಕಳೆಯದೆ ಹೇಳತಕ್ಕವನೇ ಸಾಕ್ಷಿ. ವಾದಿಸುವುದು ವಕೀಲನ ಕೆಲಸ. ತೀರ್ಪು ಕೊಡುವುದು ನ್ಯಾಯಾಧಿಪತಿಯ ಕೆಲಸ. ಯೇಸುಸ್ವಾಮಿಯು ತನ್ನ ಶಿಷ್ಯರನ್ನು ಸಾಕ್ಷಿಗಳೆಂದು ಕರೆದನಲ್ಲದೆ ವಕೀಲರೆಂದು ಕರೆಯಲಿಲ್ಲ. ಆದರೂ ನಮ್ಮಲ್ಲಿ ಕೆಲವರು ಇದು ಬೋಧಕರ ಕೆಲಸವೆಂದು ಸುಮ್ಮನಿರುತ್ತಾರೆ. ಬೇರೆ ಕೆಲವರು ವಾದದಲ್ಲಿ ಗೆಲ್ಲುವುದೇ ಸಾಕ್ಷಿಯೆಂದು ಎಣಿಸುತ್ತಾರೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳಗಳನ್ನಾಡುವ ಹಲವು ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಓದುವ ಈ ಮಂಗಳೂರಿನಲ್ಲಿ ನಮ್ಮ ವಿಶ್ವಾಸವನ್ನು ನೆರೆಯವರೊಡನೆ ಹಂಚಿಕೊಳ್ಳುವುದು ಹೇಗೆಂಬುದನ್ನು ಸ್ವಲ್ಪ ವಿಚಾರಿಸೋಣ.

ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದ ಸ್ತ್ರೀಯನ್ನು ನೆನೆಯಿರಿ. ಆಕೆ ಬಾವಿಗೆ ಬಂದುದು ನೀರಿಗಾಗಿಯೇ ಹೊರತು ಉಪದೇಶಕ್ಕಾಗಿ ಅಲ್ಲ. ಅಲ್ಲಿ ತನಗೆ ದೊರೆತುದನ್ನು ಊರವರಿಗೆ ತಿಳಿಸಲು ಕೊಡವನ್ನು ಬಿಟ್ಟು ಓಡಿದಳು. ಆದರೂ ಆಕೆ ತೀರ್ಪು ಹೇಳಲಿಲ್ಲ. ಈತನೇ ಕ್ರಿಸ್ತನಾಗಿರಬಹುದೋ ಎಂದು ಕೇಳಿದಳಷ್ಟೆ. ಜನರು ಮೊದಲು ಆಕೆಯ ಮಾತನ್ನು ನಂಬಿದರು. ಬಳಿಕ ತಾವೇ ಬಂದು ಕೇಳಿ, ಇನ್ನು ನಿನ್ನ ಮಾತಿನ ಆಧಾರ ನಮಗೆ ಬೇಕಿಲ್ಲವೆಂಬಂತೆ ನುಡಿದರು. ಒಬ್ಬ ಸಾಕ್ಷಿಗೆ ಇದಕ್ಕಿಂತ ಹೆಚ್ಚಿನ ಸಂತೋಷವೇನು?

ಮೊದಲನೆಯದಾಗಿ, ಸಾಕ್ಷಿಗೆ ನಾಲಿಗೆಗಿಂತ ಮುಂಚೆ ಕಿವಿ ಬೇಕು. ಇದಕ್ಕೆ ನಮ್ಮ ಊರಿನ ಚರಿತ್ರೆಯೇ ದೃಷ್ಟಾಂತ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದಿಳಿದರು. ಕಲಿಸಲು ಬಂದ ಅವರೂ, ಅವರ ಹಿಂದೆ ಬಂದವರೂ ಮೊದಲು ಕಲಿಯಬೇಕಾಯಿತು. ಜನರ ಮನೆಮಾತು ತುಳುವೆಂದು ಕಂಡು ಅದನ್ನು ಕಲಿತುದರಿಂದಲೇ 1847ರಲ್ಲಿ ತುಳು ಹೊಸ ಒಡಂಬಡಿಕೆಯು ಕನ್ನಡ ಲಿಪಿಯಲ್ಲಿ ಹೊರಬಂದಿತು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗರು 1843ನೆಯ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು, ಕನ್ನಡದ ಮೊದಲ ವೃತ್ತಪತ್ರಿಕೆ ಅದೇ. ಅವರು ಹರಿದಾಸರ ಪದಗಳನ್ನೂ ಕನ್ನಡದ ಹಳೆಯ ಕಾವ್ಯಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರು ಕ್ರಿಸ್ತಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹಾಡಬೇಕೆಂದು ‘ಕಥಾಮಾಲೆ’ಯನ್ನು ಬರೆದರು, ಕೇಶಿರಾಜನನ್ನೂ ನಾಗವರ್ಮನನ್ನೂ ಶ್ರದ್ಧೆಯಿಂದ ಓದಿ ಅವರ ಗ್ರಂಥಗಳನ್ನು ಸಂಪಾದಿಸಿದರು. ಅವರ ಮಹಾನಿಘಂಟು 1894ರಲ್ಲಿ ಈ ಪಟ್ಟಣದ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಪ್ರಕಟವಾಯಿತು.

ಅಂದಿನ ಮಿಶನರಿಗಳ ಬರಹಗಳಲ್ಲಿ ಈ ನಾಡಿನ ಧರ್ಮಗಳನ್ನು ಕಟುವಾಗಿ ಹಳಿಯುವ ಮಾತುಗಳೂ ಉಂಟೆಂಬುದನ್ನು ಮರೆಮಾಚಬೇಕಾಗಿಲ್ಲ. ಆ ಹಳಿಗೆಯನ್ನು ಇಂದು ಯಾರೂ ಆದರದಿಂದ ಸ್ಮರಿಸುವುದಿಲ್ಲ; ನಿಘಂಟನ್ನಾದರೋ ಕನ್ನಡಿಗರೆಲ್ಲರೂ ಮತಭೇದವಿಲ್ಲದೆ ಕೈಗೆತ್ತಿಕೊಳ್ಳುತ್ತಾರೆ. ನೆರೆಯವಳ ಹಬ್ಬದ ಅರ್ಥವನ್ನು ಎಂದೂ ಕೇಳದವಳು ತನ್ನ ಹಬ್ಬದ ಅರ್ಥವನ್ನು ಆಕೆ ಕೇಳಬೇಕೆಂದು ಬಯಸುವುದು ನ್ಯಾಯವೇ?

ಎರಡನೆಯದಾಗಿ, ಸಾಕ್ಷಿಗೆ ಕೈ ಬೇಕು. ಅಂದು ಕ್ರೈಸ್ತ ಸಭೆಯನ್ನು ಸೇರಿದವರಲ್ಲಿ ಅನೇಕರು ಮನೆಯನ್ನೂ ಕುಲದ ಕಸುಬನ್ನೂ ಗೇಣಿಯ ಭೂಮಿಯನ್ನೂ ಕಳೆದುಕೊಳ್ಳುತ್ತಿದ್ದರು. ಬರಿಯ ಉಪದೇಶದಿಂದ ಅವರ ಹೊಟ್ಟೆ ತುಂಬುವಂತಿರಲಿಲ್ಲ. ಹೀಗೆ ನೇಯ್ಗೆಯ ಕೆಲಸವು ಏರ್ಪಟ್ಟಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯು ಹುಟ್ಟಿತು. ನೇತ್ರಾವತಿಯ ಮಣ್ಣಿನಿಂದಾದ ಮಂಗಳೂರು ಹಂಚು ಎಲ್ಲ ಜಾತಿಮತದವರ ಮನೆಗಳನ್ನೂ ಮಳೆಯಿಂದ ಕಾಯ್ದಿತು. ಆದರೆ ಇದರಲ್ಲಿ ಒಂದು ಅಪಾಯವೂ ಇತ್ತು. ಅನ್ನಕ್ಕಾಗಿ ಮತಕ್ಕೆ ಸೇರಿದರೆಂಬ ಅಪವಾದವು ಉಪಕಾರದ ಬೆನ್ನಿಗೇ ಬರುತ್ತದೆ. ಆದುದರಿಂದ ನಾವು ಮಾಡುವ ಸಹಾಯವು ಬೆಲೆಯನ್ನು ಕೇಳದಿರಲಿ. ವೆನ್‌ಲಾಕ್ ಆಸ್ಪತ್ರೆಯಲ್ಲಿ ಮಲಗಿದವಳಿಗೆ ಗಂಜಿ ಒಯ್ಯುವೆವಾದರೆ ಗಂಜಿಗಾಗಿಯೇ ಒಯ್ಯೋಣ. ಆಕೆಯ ನಿಶ್ಶಕ್ತಿಯನ್ನು ನಮ್ಮ ಮಾತಿಗೆ ಸಂದರ್ಭವೆಂದು ಎಣಿಸದಿರೋಣ. ಪರೀಕ್ಷೆಯಲ್ಲಿ ನಕಲು ಮಾಡದಿರುವುದು, ಕೆಲಸದವಳ ಸಂಬಳವನ್ನು ದಿನ ತಪ್ಪದೆ ಕೊಡುವುದು, ಗೆಳತಿಯ ಗುಟ್ಟನ್ನು ಕಾಪಾಡುವುದು ಇವೆಲ್ಲವೂ ಜನರು ಓದಬಲ್ಲ ಸುವಾರ್ತೆಯೇ ಆಗಿವೆ.

ಮೂರನೆಯದಾಗಿ, ನಾಲಿಗೆಯೂ ಬೇಕು. ನಡತೆಯೊಂದೇ ಸಾಕೆಂದು ಎಂದೆಂದಿಗೂ ಮೌನವಾಗಿರುವುದು ವಿನಯವಲ್ಲ. ಪ್ರಾಯಶಃ ಅದು ಅಂಜಿಕೆ. ನಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರಕೊಡಲು ಸಿದ್ಧರಾಗಿರಬೇಕೆಂದೂ ಆ ಉತ್ತರವು ಸಾತ್ವಿಕತೆಯಿಂದಲೂ ಮರ್ಯಾದೆಯಿಂದಲೂ ಕೂಡಿರಬೇಕೆಂದೂ ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ ಬುದ್ಧಿ ಹೇಳಿದ್ದಾನೆ. ಕ್ರಿಸ್ಮಸ್ಸಿನಲ್ಲಿ ಕುಸ್ವಾರದ ತಟ್ಟೆಯನ್ನು ನೆರೆಮನೆಗೆ ಕೊಡುವಾಗ, ಈ ಹಬ್ಬವೇಕೆಂದು ಆ ಮನೆಯ ಮಗು ಕೇಳಬಹುದು. ಸಾವಿನ ಮನೆಯಲ್ಲಿ ನೀವು ಹೇಗೆ ಧೈರ್ಯದಿಂದಿರುವಿರೆಂದು ಗೆಳತಿಯು ಕೇಳಬಹುದು. ಆಗ ದೀರ್ಘ ಪ್ರಸಂಗವು ಬೇಡ. ನಾಲ್ಕು ಸರಳವಾದ, ಸತ್ಯವಾದ ಮಾತುಗಳು ಸಾಕು. ತಿಳಿಯದುದನ್ನು ಕೇಳಿದರೆ ತಿಳಿಯದೆಂದು ಹೇಳುವುದೂ ಸಾಕ್ಷಿಯ ಧರ್ಮವೇ.

ಕೊನೆಯದಾಗಿ, ಎದುರಿಗಿರುವವರ ಸ್ವಾತಂತ್ರ್ಯವನ್ನು ಮರೆಯತಕ್ಕದ್ದಲ್ಲ. ನಮ್ಮ ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಒಳಪಟ್ಟು, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಪ್ರಸಾರವೆಂದರೆ ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ತಿಳಿಸುವುದೇ ಹೊರತು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಮಾನಿಸಿತು. ಸಾಕ್ಷಿಗೂ ವಕೀಲನಿಗೂ ಇರುವ ಭೇದವನ್ನರಿತವರಿಗೆ ಈ ಮಾತು ಹೊಸದಾಗಿ ತೋರದು.

ಇದು ಹಗುರವಾದ ವಿಷಯವಲ್ಲ. 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣರಾದ ಆನಂದರಾವ್ ಕೌಂಡಿನ್ಯರು ಇಲ್ಲಿ ದೀಕ್ಷಾಸ್ನಾನವನ್ನು ಹೊಂದಿದಾಗ ಪಟ್ಟಣದಲ್ಲೆಲ್ಲ ಕ್ಷೋಭೆಯುಂಟಾಯಿತು. ಅವರು ಬಾಸೆಲಿನಲ್ಲಿ ಓದಿ, 1851ರಲ್ಲಿ ಬೋಧಕರಾಗಿ ಮರಳಿ, ಬಹುಕಾಲ ಸೇವೆ ಸಲ್ಲಿಸಿದರು. ಆದರೆ ಅವರ ಪತ್ನಿಯು ಅವರೊಡನೆ ಬರಲಿಲ್ಲ. ಆ ತರುಣರ ಧೈರ್ಯವನ್ನು ಕೊಂಡಾಡುವಾಗ ಆ ಮನೆಯ ಕಣ್ಣೀರನ್ನೂ ನೆನೆಯುವುದು ನಮಗೆ ಯೋಗ್ಯವಾಗಿದೆ. ಒಬ್ಬರ ವಿಶ್ವಾಸಕ್ಕೆ ಇಡೀ ಕುಟುಂಬವು ಬೆಲೆ ತೆರುವುದುಂಟು. ಆದುದರಿಂದ ಸಹಪಾಠಿಯನ್ನು ಆಕೆಯ ತಂದೆತಾಯಿಗಳಿಗೆ ಮರೆಮಾಡಿ ಯಾವುದಕ್ಕೂ ಪ್ರೇರೇಪಿಸಬಾರದು. ಅವರ ಎದುರಿನಲ್ಲಿ ಆಡಲಾರದ ಮಾತನ್ನು ಅವರ ಮಗಳೊಡನೆ ಆಡದಿರುವುದೇ ಒಳ್ಳೆಯ ನಿಯಮ. ಗೆಳತಿಯು ನಮ್ಮ ಮಾತನ್ನು ಕೇಳಿ, ಒಪ್ಪದೆ ಹೋದರೂ ಸ್ನೇಹವು ಎಳ್ಳಷ್ಟೂ ಕುಂದಬಾರದು. ಕುಂದಿತಾದರೆ ನಾವು ಆಕೆಯನ್ನು ಪ್ರೀತಿಸಿದುದಲ್ಲ, ನಮ್ಮ ಗೆಲುವನ್ನು ಪ್ರೀತಿಸಿದುದು.

ಸೋದರಿಯರೇ, ನಿಮ್ಮಲ್ಲಿ ಕೆಲವರು ಶಿಕ್ಷಕಿಯರೂ ದಾದಿಯರೂ ಆಗುವಿರಿ. ಕೆಲವರು ಗೃಹಕೃತ್ಯಗಳನ್ನು ವಹಿಸುವಿರಿ. ಕೆಲವರು ದೂರದೇಶಗಳಿಗೆ ಹೋಗುವಿರಿ. ವೇದಿಕೆಯು ದೊರೆಯುವುದು ಕೆಲವರಿಗೆ ಮಾತ್ರ. ಬಾವಿಕಟ್ಟೆಯಾದರೋ ಎಲ್ಲರಿಗೂ ಉಂಟು. ಅಲ್ಲಿ ಮೊದಲು ಕೇಳಿರಿ, ಕೈಲಾದುದನ್ನು ಮಾಡಿರಿ, ಕೇಳಿದವರಿಗೆ ನಿಜವನ್ನು ಹೇಳಿರಿ. ಮಿಕ್ಕುದನ್ನು ಹೃದಯಗಳನ್ನು ಬಲ್ಲ ದೇವರಿಗೆ ಒಪ್ಪಿಸಿರಿ.