ಗಾಜಿಗಲ್ಲ, ಕಬ್ಬಿಣಕ್ಕೆ ಕಾಸು

ಕಂಪ್ಲಿಯ ಹಳೆಯ ಮೈಕ್‌ಸೆಟ್ ಅಂಗಡಿಯೊಂದರ ಅಟ್ಟದಿಂದ ಆ ಆ್ಯಂಪ್ಲಿಫೈಯರ್ ಇಳಿಸಿದಾಗ ಮೊದಲು ಕಂಡದ್ದು ಕೆಂಪು ಧೂಳು. ಸಂಡೂರು ಸೀಮೆಯ ಜಾತ್ರೆ, ಮದುವೆ, ಬಯಲಾಟಗಳನ್ನೆಲ್ಲ ಸುತ್ತಿ ಬಂದ ಸೆಟ್ಟು. ಅದಿರಿನ ದಾರಿಯ ಧೂಳು ಅದರ ಮೂಲೆಮೂಲೆಗೂ ಕುಂಕುಮದಂತೆ ಮೆತ್ತಿತ್ತು. ಮೇಲೆ ಎರಡು ಇಎಲ್84 ವಾಲ್ವ್, ಗಾಜಿನ ಮೇಲೆ ಅರ್ಧ ಅಳಿಸಿದ ಬಿಇಎಲ್ ಅಕ್ಷರ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್ ರೇಡಿಯೊ ವಾಲ್ವ್ ಮಾಡತೊಡಗಿದ್ದು 1961ರಲ್ಲಿ.

“ಹಚ್ಚಿ ತೋರಿಸ್ಲೇನ್ರಿ ಸಾರ್?” ಎನ್ನುತ್ತಲೇ ಅಂಗಡಿಯವರು ವೈರನ್ನು ಸಾಕೆಟ್ಟಿನ ತನಕ ಒಯ್ದಿದ್ದರು. ಬೇಡ ಎಂದು ಕೈ ಹಿಡಿದೆ.

ವರ್ಷಗಟ್ಟಲೆ ಸುಮ್ಮನೆ ಕೂತ ಸೆಟ್ಟಿಗೆ ಏಕಾಏಕಿ ಕರೆಂಟ್ ಕೊಟ್ಟರೆ ಮೊದಲು ಹೋಗುವುದು ಫಿಲ್ಟರ್ ಕೆಪಾಸಿಟರ್. ಅದರೊಳಗಿನ ಅಲ್ಯುಮಿನಿಯಂ ಹಾಳೆಯ ಮೇಲಿನ ತೆಳ್ಳನೆಯ ಆಕ್ಸೈಡ್ ಪೊರೆಯೇ ಸುಮಾರು 300 ವೋಲ್ಟನ್ನು ತಡೆದು ನಿಲ್ಲಿಸುವ ಗೋಡೆ. ಬಳಕೆಯಿಲ್ಲದೆ ಆ ಪೊರೆ ಸೊರಗುತ್ತದೆ. ಕರೆಂಟ್ ಸೋರಿ, ಬಿಸಿಯೇರಿ, ಕೆಪಾಸಿಟರ್ ಒಡೆಯಬಹುದು. ಹೋಗುವಾಗ ಮೇನ್ಸ್ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದೊಯ್ದೀತು. ಹಳೆಯ ರೇಡಿಯೊ ರಿಪೇರಿಯವರು ಇದಕ್ಕಾಗಿಯೇ ಸೀರೀಸ್ ಬೋರ್ಡ್ ಇಟ್ಟುಕೊಂಡಿರುತ್ತಾರೆ: ಸೆಟ್ಟಿಗೆ ಹೋಗುವ ದಾರಿಯಲ್ಲೊಂದು 100 ವಾಟ್‌ನ ತಂತಿ ಬಲ್ಬು, ಅಷ್ಟೆ. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಮುಂದುವರಿಯಬಹುದು. ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್. ಇನ್ನೊಂದು ಮಾತು: ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿದ ಮೇಲೆಯೇ ಕೈ ಹಾಕಬೇಕು. ಈ ಕೆಲಸ ಗೊತ್ತಿಲ್ಲದವರು ತಳದ ಮುಚ್ಚಳ ಬಿಚ್ಚದಿರುವುದೇ ಲೇಸು.

ವಾಲ್ವಿನ ಕೆಲಸ ತುಂಗಭದ್ರಾ ಕಾಲುವೆಯ ತೂಬಿನದು. ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಪ್ಲೇಟಿನತ್ತ ಹರಿಯುತ್ತವೆ. ನಡುವಿನ ತಂತಿಜಾಲ, ಅಂದರೆ ಗ್ರಿಡ್, ಮೈಕಿನಿಂದ ಬಂದ ಸಣ್ಣ ಸಂಕೇತಕ್ಕೆ ತಕ್ಕಂತೆ ಆ ಹರಿವನ್ನು ಹೆಚ್ಚುಕಡಿಮೆ ಮಾಡುತ್ತದೆ. ಹಲಗೆ ಎತ್ತುವ ಕೈಯ ಬಲ ಎಷ್ಟು, ಹರಿಯುವ ನೀರಿನ ಬಲ ಎಷ್ಟು!

ಕೊಳ್ಳುವವರೆಲ್ಲ ಕಾದ ವಾಲ್ವಿನ ಕೆಂಬೆಳಕಿಗೇ ಮರುಳಾಗುತ್ತಾರೆ. ನನ್ನ ಲೆಕ್ಕದಲ್ಲಿ ಬೆಲೆ ಇರುವುದು ಹಿಂದಿನ ಕಪ್ಪು ಕಬ್ಬಿಣದ ಗಟ್ಟಿಗೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ. ಎರಡು ಇಎಲ್84ಗಳ ಜೋಡಿ ಬಯಸುವ ಹೊರೆ ಸುಮಾರು 8,000 ಓಮ್. ಸ್ಪೀಕರ್ ಬರೀ 8 ಓಮ್. ಸಾವಿರ ಪಟ್ಟಿನ ಈ ಅಂತರವನ್ನು ಸುಮಾರು 32ಕ್ಕೆ ಒಂದರಂತೆ ತಂತಿ ಸುತ್ತಿ ಹೊಂದಿಸಬೇಕು, ಯಾಕೆಂದರೆ ಸುತ್ತುಗಳ ಅನುಪಾತದ ವರ್ಗವೇ ಓಮ್‌ಗಳ ಅನುಪಾತ. ಕೋರ್ ಕೂಡ ಗಟ್ಟಿ ಕಬ್ಬಿಣವಾದರೆ ಆಗದು. ಅದರೊಳಗೇ ಸುಳಿಗರೆಂಟ್ ಎದ್ದು ಶಕ್ತಿಯೆಲ್ಲ ಶಾಖವಾಗುತ್ತದೆ. ಸಿಲಿಕಾನ್ ಬೆರೆಸಿದ ತೆಳು ತಗಡುಗಳನ್ನು ಒಂದಕ್ಕೊಂದು ಕರೆಂಟ್ ತಾಗದಂತೆ ಪೇರಿಸಿರುತ್ತಾರೆ.

ಸುಟ್ಟರೆ ಸುತ್ತಿಸಿದರಾಯ್ತು ಎನ್ನಬೇಡಿ. ಹೊಸಪೇಟೆಯಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವವರ ಕೈ ಪಳಗಿದ್ದು, ಮೇನ್ಸ್ ಟ್ರಾನ್ಸ್‌ಫಾರ್ಮರನ್ನು ಅವರು ಚೆನ್ನಾಗಿಯೇ ಸುತ್ತಿಕೊಟ್ಟಾರು. ಔಟ್‌ಪುಟ್ಟಿನದು ಬೇರೆ ಜಾತಿ. ಅದರಲ್ಲಿ ವಾಲ್ವಿನ ಕಡೆಯ ಸುತ್ತಾದ ಪ್ರೈಮರಿಯನ್ನು ಪದರಪದರವಾಗಿ ಒಡೆದು ನಡುನಡುವೆ ಸ್ಪೀಕರ್ ಕಡೆಯ ಸೆಕೆಂಡರಿ ಸೇರಿಸಿರುತ್ತಾರೆ. ಒಂದರ ಮೇಲೊಂದು ಸುಮ್ಮನೆ ಸುತ್ತಿದರೆ ಹಾಡು ಬರುತ್ತದೆ, ತಾಳದ ಕಿಣಿಕಿಣಿ ಮಾಯವಾಗುತ್ತದೆ. ಗುಜರಿಯವರು ತಾಮ್ರಕ್ಕಾಗಿ ಮೊದಲು ಒಡೆಯುವುದೂ ಇದನ್ನೇ. ವಾಲ್ವುಗಳು ಹುಡುಕಿದರೆ ಇವತ್ತಿಗೂ ಸಿಗುತ್ತವೆ. ಕಿಲೋ ಲೆಕ್ಕಕ್ಕೆ ಹೋದ ಟ್ರಾನ್ಸ್‌ಫಾರ್ಮರ್ ಸಿಗದು.

ಅದಕ್ಕೇ ಅಂಗಡಿಯಲ್ಲಿ ನಾನು ತೆಗೆದದ್ದು ಮಲ್ಟಿಮೀಟರು. ಪ್ರೈಮರಿಯ ಎರಡು ಅರ್ಧಗಳೂ ಹೆಚ್ಚುಕಡಿಮೆ ಒಂದೇ ಓಮ್ ತೋರಿಸಿದವು, ಅಂದರೆ ಸುತ್ತು ಎಲ್ಲೂ ಕಡಿದಿಲ್ಲ. ಚೌಕಾಸಿ ಶುರುವಾದದ್ದು ಆಮೇಲೆ. ಅವರು ವಾಲ್ವಿನ ಬೆಲೆ ಹೇಳುತ್ತಿದ್ದರು, ನಾನು ಕಬ್ಬಿಣದ ಲೆಕ್ಕ ಹಾಕುತ್ತಿದ್ದೆ.

ಮನೆಗೆ ತಂದು ಧೂಳು ಝಾಡಿಸಿ, ಫಿಲ್ಟರ್ ಕೆಪಾಸಿಟರುಗಳನ್ನೂ ಹಳೆಯ ಕಾಗದದ ಕಪ್ಲಿಂಗ್ ಕೆಪಾಸಿಟರುಗಳನ್ನೂ ಬದಲಿಸಿದೆ. ಈ ಕಾಗದದವು ಸೋರಿದರೆ ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜ್ ಹತ್ತಿ, 12 ವಾಟ್ ತಾಳುವ ಪ್ಲೇಟು ಕೆಂಡವಾಗುತ್ತದೆ. ಮನೆಯ ವೋಲ್ಟೇಜ್ ಏರಿದರೂ ತಾಳಲೆಂದು ಮೇನ್ಸ್ ಟ್ರಾನ್ಸ್‌ಫಾರ್ಮರಿನ 220 ವೋಲ್ಟ್ ತುದಿಯಲ್ಲಿದ್ದ ವೈರನ್ನು 240ಕ್ಕೆ ಸರಿಸಿದೆ.

ಕೊನೆಗೆ ಉಳಿದದ್ದು ಪೆನ್ಸಿಲ್ ಪರೀಕ್ಷೆ. ಹಂಪಿಯ ವಿಜಯ ವಿಠ್ಠಲ ಗುಡಿಯ ನಾದದ ಕಂಬ ತಟ್ಟಿದರೆ ಕಾವಲುಗಾರ ಗದರುತ್ತಾನೆ. ವಾಲ್ವನ್ನು ಮಾತ್ರ ಪೆನ್ಸಿಲಿನಿಂದ ತಟ್ಟಲೇಬೇಕು. ಒಳಗಿನ ಗ್ರಿಡ್ ಸಡಿಲವಾಗಿದ್ದರೆ ಅದರ ನಡುಕವೇ ದೊಡ್ಡದಾಗಿ ಸ್ಪೀಕರಿನಲ್ಲಿ ಕೇಳುತ್ತದೆ. ಮೈಕಿನ ಹಂತದ ಇಸಿಸಿ83 ವಾಲ್ವನ್ನು ತಟ್ಟಿದೆ. ಟಣ್ ಎಂದಿತು. ಅದನ್ನು ಕಿತ್ತು ಮುಂದಿನ ಹಂತಕ್ಕೆ, ಅಲ್ಲಿದ್ದದ್ದನ್ನು ಇಲ್ಲಿಗೆ ಹಾಕಿ ಮತ್ತೆ ತಟ್ಟಿದೆ. ಸದ್ದಿಲ್ಲ.