ಸಂಘದ ಹೆಸರೇ ದೇಶದ ಹೆಸರಾದಾಗ

1928ರ ಮಾರ್ಚ್ ತಿಂಗಳು. ಹಾಲೆಂಡಿನ ಹೇಗ್ ನಗರದ ನ್ಯಾಯಾಲಯದ ಕಟಕಟೆಯಲ್ಲಿ ನಾಲ್ವರು ವಿದ್ಯಾರ್ಥಿಗಳು ನಿಂತಿದ್ದರು. ತಮ್ಮ ಸಂಘದ ಪತ್ರಿಕೆಯ ಬರಹಗಳ ಮೂಲಕ ಸರಕಾರದ ವಿರುದ್ಧ ಜನರನ್ನು ಪ್ರಚೋದಿಸಿದರು ಎಂಬುದು ಅವರ ಮೇಲಿದ್ದ ಆರೋಪ. ಅವರಲ್ಲೊಬ್ಬರು 25 ವರ್ಷದ ಮೊಹಮ್ಮದ್ ಹಟ್ಟಾ. ರಾಟರ್‌ಡ್ಯಾಮಿನ ವಾಣಿಜ್ಯ ಕಾಲೇಜಿನ ವಿದ್ಯಾರ್ಥಿ, ಆ ಸಂಘದ ಅಧ್ಯಕ್ಷ. ಪರದೇಶದಲ್ಲಿ ಓದುವ ಹುಡುಗರು ಕಟ್ಟಿಕೊಂಡ ಸಂಘದ ಅಧ್ಯಕ್ಷಗಿರಿ ಸೆರೆಮನೆಯವರೆಗೆ ಒಯ್ದದ್ದಾದರೂ ಹೇಗೆ?

ಸಂಘ ಹುಟ್ಟಿದ್ದು 1908ರಲ್ಲಿ, ಲೈಡನ್ ಪಟ್ಟಣದಲ್ಲಿ. ಇಂದಿನ ಇಂಡೊನೇಷ್ಯಾ ಆಗ 'ಡಚ್ ಈಸ್ಟ್ ಇಂಡೀಸ್' ಎಂಬ ವಸಾಹತು. ಅಲ್ಲಿಂದ ಓದಲು ಬಂದ ಬೆರಳೆಣಿಕೆಯ ಯುವಕರು ಒಟ್ಟಿಗೆ ಉಂಡು, ಊರಿನ ಸುದ್ದಿ ಹಂಚಿಕೊಂಡು, ಚಳಿಯ ನಾಡಿನಲ್ಲಿ ಒಂಟಿತನ ಮರೆಯಲು ಮಾಡಿಕೊಂಡ ಕೂಟವದು. 'ಇಂಡೀಸ್ ಸಂಘ' ಎಂಬ ಅರ್ಥದ ಡಚ್ ಹೆಸರು ಅದಕ್ಕಿತ್ತು. ರಾಜಕೀಯದ ಗಾಳಿ ಅದಕ್ಕೆ ಅಷ್ಟಾಗಿ ಸೋಕಿರಲಿಲ್ಲ.

ಬದಲಾವಣೆ ಶುರುವಾದದ್ದು ಹೆಸರಿನಿಂದ. 'ಇಂಡೊನೇಷ್ಯಾ' ಎಂಬ ಪದ 19ನೇ ಶತಮಾನದ ನಡುವಿನಲ್ಲಿ ಹುಟ್ಟಿ, ಬಹುಕಾಲ ವಿದ್ವಾಂಸರ ಪುಸ್ತಕಗಳಲ್ಲೇ ಉಳಿದಿತ್ತು. ವಿದ್ಯಾರ್ಥಿಗಳು 1922ರಲ್ಲಿ ಅದನ್ನು ಸಂಘದ ಹೆಸರಿಗೆ ಸೇರಿಸಿದರು. 1925ರಲ್ಲಿ ಡಚ್ ಭಾಷೆಯನ್ನೂ ಕೈಬಿಟ್ಟು 'ಪರ್ಹಿಂಪುನಾನ್ ಇಂಡೊನೇಷ್ಯಾ' ಎಂದು ಮಲಯ ಭಾಷೆಯಲ್ಲಿ ಕರೆದುಕೊಂಡರು. 'ಹಿಂದಿಯಾ ಪುತ್ರ' ಎಂಬ ಪತ್ರಿಕೆ 1924ರಲ್ಲಿ 'ಇಂಡೊನೇಷ್ಯಾ ಮರ್ದೇಕಾ' ಆಯಿತು. ಮರ್ದೇಕಾ ಎಂದರೆ ಸ್ವತಂತ್ರ. ಸಂಸ್ಕೃತದ 'ಮಹರ್ದ್ಧಿಕ' ಶಬ್ದವೇ ಇದರ ಮೂಲ.

ಇದು ಬರಿಯ ಹೆಸರಿನ ಮಾತಾಗಿರಲಿಲ್ಲ. ತಾಯ್ನಾಡಿನಲ್ಲಿ ಯುವಕರ ಸಂಘಗಳು ಆಯಾ ದ್ವೀಪಗಳಿಗೆ ಸೇರಿದವು. ಜಾವಾದವರದೇ ಒಂದು, ಸುಮಾತ್ರಾದವರದೇ ಇನ್ನೊಂದು. ಹಟ್ಟಾ ಅವರೇ ಸುಮಾತ್ರಾದ ತರುಣರ ಸಂಘದಲ್ಲಿ ಖಜಾಂಚಿಯಾಗಿದ್ದವರು. ಸಾವಿರಾರು ಮೈಲು ದೂರದ ಹಾಲೆಂಡಿನಲ್ಲಿ ಜಾವಾ, ಸುಮಾತ್ರಾ, ಅಂಬೋನ್ ಎಂಬ ಭೇದಕ್ಕೆ ಅರ್ಥ ಉಳಿಯಲಿಲ್ಲ. ಆಳುವವರ ಕಣ್ಣಿಗೆ ಎಲ್ಲರೂ ಒಂದೇ. ಆ ಒಂದೇತನವನ್ನೇ ಅವರು ತಿರುಗಿಸಿ ತಮ್ಮ ಬಲವಾಗಿಸಿಕೊಂಡರು. ಒಗ್ಗಟ್ಟು, ಸ್ವಾವಲಂಬನೆ, ವಸಾಹತು ಸರಕಾರದೊಡನೆ ಅಸಹಕಾರ, ಇವು ಸಂಘದ ತತ್ವಗಳಾದವು.

ಹಟ್ಟಾ 1926ರ ಜನವರಿಯಲ್ಲಿ ಅಧ್ಯಕ್ಷರಾದರು. ವರ್ಷಕ್ಕೊಬ್ಬರು ಬದಲಾಗುತ್ತಿದ್ದ ಆ ಸ್ಥಾನಕ್ಕೆ ಅವರನ್ನು ಮತ್ತೆ ಮತ್ತೆ ಆರಿಸಲಾಯಿತು. 1930ರವರೆಗೂ ಅವರೇ ಉಳಿದರು. ಸಭೆ ನಡೆಸುವುದು, ಪತ್ರಿಕೆ ಹೊರಡಿಸುವುದು ಇದ್ದೇ ಇತ್ತು. ಅದರ ಜೊತೆಗೆ, ಲೋಕದ ಭೂಪಟದಲ್ಲಿ ಇನ್ನೂ ಇಲ್ಲದ ದೇಶವೊಂದರ ಪರವಾಗಿ ಯೂರೋಪಿನಲ್ಲಿ ಮಾತಾಡುವ ಹೊಣೆಯೂ ಹೆಗಲೇರಿತು. 1927ರ ಫೆಬ್ರುವರಿಯಲ್ಲಿ ಬ್ರಸೆಲ್ಸ್‌ನ ಸಾಮ್ರಾಜ್ಯಶಾಹಿ ವಿರೋಧಿ ಸಮ್ಮೇಳನಕ್ಕೆ ಅವರು ಹೋದರು. ಭಾರತದ ಕಾಂಗ್ರೆಸ್ಸಿನ ಪ್ರತಿನಿಧಿಯಾಗಿ ಬಂದಿದ್ದ ಜವಾಹರಲಾಲ್ ನೆಹರೂ ಅವರ ಪರಿಚಯವಾದದ್ದು ಅಲ್ಲಿಯೇ.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1926ರ ಕೊನೆಗೆ ಜಾವಾದಲ್ಲೂ ಮರುವರ್ಷ ಸುಮಾತ್ರಾದಲ್ಲೂ ಕಮ್ಯುನಿಸ್ಟ್ ದಂಗೆಗಳಾದ ಮೇಲೆ ಸರಕಾರದ ಸಂಶಯ ಸಂಘದ ಮೇಲೂ ಬಿತ್ತು. ಸರಕಾರಿ ನೌಕರಿಯಲ್ಲಿದ್ದ ತಂದೆಯರ ಮೇಲೆ, ಸಂಘ ಬಿಡದ ಮಕ್ಕಳಿಗೆ ಹಣ ಕಳಿಸಬಾರದೆಂಬ ಒತ್ತಡ ಬಂತು. 1927ರ ಸೆಪ್ಟೆಂಬರಿನಲ್ಲಿ ಹಟ್ಟಾ, ನಾಜಿರ್ ಪಮುಂಚಾಕ್, ಅಲಿ ಸಾಸ್ತ್ರೊಅಮಿಜೊಯೊ, ಅಬ್ದುಲ್ ಮಜೀದ್ ಬಂಧಿತರಾದರು. ವಿಚಾರಣೆಯಲ್ಲಿ ಹಟ್ಟಾ 'ಸ್ವತಂತ್ರ ಇಂಡೊನೇಷ್ಯಾ' ಎಂಬ ದೀರ್ಘ ಹೇಳಿಕೆ ಮಂಡಿಸಿ, ಆರೋಪಿಯ ಕಟಕಟೆಯನ್ನೇ ವೇದಿಕೆ ಮಾಡಿಕೊಂಡರು. ಮಾರ್ಚ್ 22ರಂದು ನಾಲ್ವರೂ ಖುಲಾಸೆಯಾದರು. ಅಷ್ಟರಲ್ಲಿ ಸುಮಾರು ಆರು ತಿಂಗಳು ಸೆರೆಮನೆಯಲ್ಲಿ ಕಳೆದಿತ್ತು.

ತನ್ನವರಿಂದಲೂ ಪೆಟ್ಟು ತಪ್ಪಲಿಲ್ಲ. ಕಮ್ಯುನಿಸ್ಟರತ್ತ ವಾಲಿದ ಹೊಸ ಮುಂದಾಳುಗಳು 1931ರಲ್ಲಿ ಹಟ್ಟಾ ಅವರನ್ನು ಸಂಘದಿಂದಲೇ ಹೊರಹಾಕಿದರು. 1921ರಲ್ಲಿ ಹಾಲೆಂಡಿಗೆ ಬಂದಿದ್ದ ಅವರು ಪದವಿ ಮುಗಿಸಿ ಊರಿಗೆ ಮರಳಿದ್ದು 1932ರಲ್ಲಿ. ಎರಡು ವರ್ಷದಲ್ಲಿ ಮತ್ತೆ ಬಂಧನ, ಬಳಿಕ ದೂರದ ದ್ವೀಪಗಳಿಗೆ ಗಡೀಪಾರು.

ಆದರೂ ಆ ಸಣ್ಣ ಕೂಟ ಬೆಳೆಸಿದ ಜನರನ್ನು ನೋಡಬೇಕು. ಅದರಲ್ಲಿ ದುಡಿದ ಸುತಾನ್ ಶಾಹ್ರಿರ್ ದೇಶದ ಮೊದಲ ಪ್ರಧಾನಿಯಾದರು. ಹಟ್ಟಾರೊಡನೆ ಕಟಕಟೆಯಲ್ಲಿ ನಿಂತಿದ್ದ ಅಲಿ, 1955ರ ಬಾಂಡುಂಗ್ ಸಮ್ಮೇಳನ ನಡೆದಾಗ ಪ್ರಧಾನಿಯಾಗಿದ್ದರು. ಹಟ್ಟಾ ಮೊದಲ ಉಪಾಧ್ಯಕ್ಷರಾದರು.

1945ರ ಆಗಸ್ಟ್ 17ರಂದು ಜಕಾರ್ತಾದಲ್ಲಿ ಓದಿದ ಸ್ವಾತಂತ್ರ್ಯ ಘೋಷಣೆ ಕೆಲವೇ ಸಾಲುಗಳದು. ಕೆಳಗೆ ಸುಕರ್ಣೊ, ಹಟ್ಟಾ ಇಬ್ಬರ ರುಜು. ಅವರು ರುಜು ಹಾಕಿದ್ದು ಇಂಡೊನೇಷ್ಯಾದ ಜನತೆಯ ಹೆಸರಿನಲ್ಲಿ. ಆ ಹೆಸರನ್ನು 23 ವರ್ಷಗಳ ಹಿಂದೆಯೇ ಒಂದು ವಿದ್ಯಾರ್ಥಿ ಸಂಘ ತನ್ನದಾಗಿಸಿಕೊಂಡಿತ್ತು.